ಅದೇ ಸಾಲು, ಮತ್ತೊಂದು ಸಲ

ಬಸ್ ನಿಲ್ದಾಣದಲ್ಲಿ ಬಸ್ಸುಗಳ ನಂಬರ್ ಕೂಗುವ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದವಳು ನಾದಿನಿ. ಅದರ ಮುಂದೆ ಕೂತು ದಿನವಿಡೀ ಮೌಸ್ ಒತ್ತುವವಳು ಅತ್ತಿಗೆ. ಪರದೆಯ ಪಟ್ಟಿಯಲ್ಲಿ ಒಂದು ಸಾಲು ಆರಿಸಿದರೆ ಸಾಕು, ಆ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಎಂದು ಸ್ಪೀಕರ್ ಕೂಗುತ್ತಿತ್ತು.

"ಎರಡನೇ ಸಲ ಕೂಗಲ್ಲ ಕಣೇ ಇದು," ಎಂದು ಅತ್ತಿಗೆ ಒಂದು ವಾರದಿಂದ ತಲೆ ತಿನ್ನುತ್ತಿದ್ದಳು.

"ನೀವು ಸರಿಯಾಗಿ ಒತ್ತಲ್ಲ ಅತ್ತಿಗೆ. ನಮ್ಮ ಆಫೀಸಲ್ಲಿ ಚೆನ್ನಾಗೇ ಇತ್ತು," ಎಂದು ನಾದಿನಿ ಪ್ರತಿಸಲ ಸಾಗಹಾಕುತ್ತಿದ್ದಳು. ಆದರೂ ಒಳಗೊಳಗೇ ಏನೋ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ಲ್ಯಾಪ್‌ಟಾಪ್ ಹಿಡಿದು ನಿಲ್ದಾಣದಲ್ಲಿ ಅತ್ತಿಗೆ ಕೂರುವ ಗಾಜಿನ ಕೋಣೆಗೇ ಬಂದು ಕೂತಳು.

ಏಳನೇ ನಂಬರ್ ಬಸ್ಸು ಬಂತು. ಅತ್ತಿಗೆ ಒತ್ತಿದಳು, ಕೂಗಿತು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅದೇ ಸಾಲನ್ನು ಮತ್ತೆ ಒತ್ತಿದಳು. ಸ್ಪೀಕರ್ ತುಟಿಪಿಟಕ್ಕೆನ್ನಲಿಲ್ಲ.

"ನೋಡಿದ್ಯಾ? ಅದಕ್ಕೇ ಹೀಗೆ ಮಾಡ್ತೀನಿ," ಎಂದು ಕೆಳಗಿನ ಸಾಲು ಒತ್ತಿ, ತಕ್ಷಣ ಮತ್ತೆ ಏಳನೇ ನಂಬರಿನ ಸಾಲು ಒತ್ತಿದಳು. ಅಷ್ಟರಲ್ಲೇ ಸ್ಪೀಕರು "ಹನ್ನೆರಡನೇ ನಂಬರ್ ಬಸ್ಸು" ಎಂದು ಅರ್ಧ ಕೂಗಿಬಿಟ್ಟಿತ್ತು. ಊರುಗೋಲಿನ ಮುದುಕರೊಬ್ಬರು ಎದ್ದೆನೋ ಬಿದ್ದೆನೋ ಎಂದು ಓಡಿ, ಖಾಲಿ ಪ್ಲಾಟ್‌ಫಾರ್ಮ್ ನೋಡಿ ಪೆಚ್ಚಾಗಿ ನಿಂತರು.

"ದಿನಾ ಹೀಗೇನಾ?"

"ದಿನಾ. ಬೈಸಿಕೊಳ್ಳೋಳು ಮಾತ್ರ ನಾನು."

ನಾದಿನಿಯ ಮುಖ ಸಪ್ಪಗಾಯಿತು. ಆಯ್ಕೆ ಬದಲಾದರೆ ಮಾತ್ರ ಕೂಗು ಎಂದು ಬರೆದಿದ್ದವಳು ತಾನೇ. ಆರಿಸಿದ್ದನ್ನೇ ಮತ್ತೆ ಆರಿಸಿದರೆ ಬದಲಾಗುವುದಾದರೂ ಏನು? ಆಫೀಸಿನಲ್ಲಿ ಒಂದೊಂದು ಸಾಲನ್ನು ಒಂದೊಂದೇ ಸಲ ಒತ್ತಿ ನೋಡಿ ಎದ್ದುಬಂದಿದ್ದಳು.

ಅಲ್ಲೇ ಕೂತು, ಮೌಸ್ ಒತ್ತಿದಾಗಲೂ ಕೂಗು ಎಂದು ಸೇರಿಸಿದಳು. ಅತ್ತಿಗೆ ಹೊಸ ಸಾಲು ಒತ್ತಿದ್ದೇ ತಡ, ಆಯ್ಕೆ ಬದಲಾಯಿತೆಂದು ಒಂದು ದನಿ, ಒತ್ತಿದ್ದಾಯಿತೆಂದು ಇನ್ನೊಂದು, ಒಂದರ ಮೇಲೊಂದು ಬಿದ್ದವು. ಹೊರಗೆ ಜನ ಗೊಳ್ಳೆಂದು ನಕ್ಕರು.

"ಒಂದು ಬಾಯಿಗೆ ಎರಡು ನಾಲಿಗೆ ಕೊಟ್ಯಲ್ಲೇ ತಾಯಿ!" ಎಂದಳು ಅತ್ತಿಗೆ.

ನಾದಿನಿ ಮತ್ತೆ ಲ್ಯಾಪ್‌ಟಾಪಿನತ್ತ ಬಾಗಿದಳು. ಎರಡು ಕೆಲಸವನ್ನೂ ಬೇರೆ ಬೇರೆ ಮಾಡಿದಳು: ಆಯ್ಕೆ ಬದಲಾದರೆ ಸಾಲಿನ ಬಣ್ಣ ಬದಲಾಗಲಿ, ಅಷ್ಟೇ, ಕೂಗುವುದು ಒತ್ತಿದಾಗ ಮಾತ್ರ.

ಅತ್ತಿಗೆ ಒಂದೇ ಸಾಲನ್ನು ಮೂರು ಸಲ ಒತ್ತಿದಳು. ಮೂರು ಸಲವೂ ಸ್ಪಷ್ಟವಾಗಿ ಕೂಗಿತು.

"ವಾರವೆಲ್ಲ ನಿಮ್ಮನ್ನೇ ಅಂದೆ ಅತ್ತಿಗೆ. ತಪ್ಪು ನನ್ನದು."

"ನಿಮ್ಮಣ್ಣನ ಮುಂದೆಯೂ ಅಂದಿದ್ದೆಯಲ್ಲ, ಅಲ್ಲೂ ಹೇಳು."

"ಹೇಳ್ತೀನಿ," ಎಂದಳು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಅತ್ತಿಗೆಯ ಬೆರಳು ಆಡಿದಾಗಲೆಲ್ಲ ಕೂಗು ಸರಿಯಾಗಿ ಬರುತ್ತದೋ ಎಂದು ಕಿವಿಗೊಟ್ಟು, ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದಳು.