ನಾಣ್ಯ ಬಡಿಯದೆ ಬಿಟ್ಟ ಜಾಗ

ನಾನು ಒಂದು ಕಾರ್ಬನ್ ಸೈಕಲ್ಲು. ಹಾಲಿನವರು ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಹೋಗುತ್ತಾರಲ್ಲ, ಆ ಜಾತಿಯದಲ್ಲ. ರೇಸಿನದು. ಕೂದಲಿಗಿಂತ ಸಣ್ಣ ಕರಿ ಎಳೆಗಳ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಹಾಕಿ, ಅಚ್ಚಿನಲ್ಲಿಟ್ಟು ಬೇಯಿಸಿ ನನ್ನ ಮೈ ಮಾಡಿದರು. ಸಮುದ್ರದಾಚೆಯ ಯಾವುದೋ ಕಾರ್ಖಾನೆ, ಊರಿನ ಹೆಸರು ನೆನಪಿಲ್ಲ. ತಕ್ಕಡಿಗೆ ನೇತುಹಾಕಿದಾಗ ಚಕ್ರ, ಚೈನು, ಸೀಟು ಎಲ್ಲ ಸೇರಿ ಏಳು ಕಿಲೋ ಇನ್ನೂರು ಗ್ರಾಂ ತೂಗಿದೆ. ಮುಂದೆ ಎರಡು ಹಲ್ಲುಚಕ್ರ, ಹಿಂದೆ ಹನ್ನೊಂದು. ಒಂದೇ ಬೆರಳಿಗೆ ನಿಲ್ಲುವ ಡಿಸ್ಕ್ ಬ್ರೇಕು. ಇದನ್ನೆಲ್ಲ ಹೇಳುವಾಗ ನನಗೆ ಇಂದಿಗೂ ಸ್ವಲ್ಪ ಸೊಕ್ಕು ಬರುತ್ತದೆ. ಬರಬಾರದು, ಆದರೂ ಬರುತ್ತದೆ.

ಕಬ್ಬಿಣದ ಸೈಕಲ್ಲು ಪೆಟ್ಟು ತಿಂದರೆ ಡೊಂಕಾಗುತ್ತದೆ. ಪಾಪ, ಅದಕ್ಕೆ ಮುಚ್ಚಿಡಲು ಬರುವುದಿಲ್ಲ. ನಮ್ಮ ಜಾತಿ ಹಾಗಲ್ಲ. ಪೆಟ್ಟು ತಿಂದರೂ ನೆಟ್ಟಗೆ ನಿಂತಿರುತ್ತೇವೆ, ಒಳಗೊಳಗೇ ಬಿರಿಯುತ್ತೇವೆ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತೇವೆ. ಅದನ್ನು ಮೊದಲೇ ತಿಳಿಯಲು ಬಲ್ಲವರು ಒಂದು ಉಪಾಯ ಮಾಡುತ್ತಾರೆ. ನಾಣ್ಯ ಹಿಡಿದು ಮೈಯೆಲ್ಲ ಮೆಲ್ಲಗೆ ಬಡಿಯುತ್ತಾರೆ. ಗಟ್ಟಿ ಇದ್ದಲ್ಲಿ ‘ಟಣ್’ ಅನ್ನುತ್ತೇವೆ, ಬಿರಿದಲ್ಲಿ ‘ಥಪ್’. ನನ್ನ ಕತೆಯೆಲ್ಲ ಈ ಎರಡು ಸದ್ದಿನ ನಡುವೆ ಇದೆ.

ನನ್ನನ್ನು ಹೊಸದಾಗಿ ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಹೊಟ್ಟೆ ಕರಗಿಸಬೇಕೆಂದು ಮೂರು ಭಾನುವಾರ ತುಳಿದರು. ನಾಲ್ಕನೆಯ ಭಾನುವಾರ ಮದುವೆಯೂಟ ಬಂತು. ಆಮೇಲೆ ಎರಡು ವರ್ಷ ನಾನು ಅವರ ಪಡಸಾಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದೆ. ಬಂದವರು ಬಟ್ಟೆ ಸರಿಸಿ ನೋಡಿ ‘ಭಾರೀ ಅದ’ ಅನ್ನುತ್ತಿದ್ದರು. ಓಡಲು ಹುಟ್ಟಿದ್ದಕ್ಕೆ ಬರೀ ಹೊಗಳಿಕೆ ಸಾಲುವುದಿಲ್ಲ.

ಅಲ್ಲಿಂದ ಬಿಡಿಸಿಕೊಂಡು ಬಂದವನು ವಿಜಯಪುರದ ಸಿದ್ರಾಮ ಕೊಕಟನೂರ. ಹರೆಯದಲ್ಲಿ ರಾಜ್ಯಕ್ಕೆ ಮೊದಲಿಗನಾಗಿ ಬಂದು, ಸೈಕಲ್ಲಿನಿಂದಲೇ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ನೌಕರಿ ಹಿಡಿದವನು. ವಿಜಯಪುರದಲ್ಲಿ ಸೈಕಲ್ಲೆಂದರೆ ಆಟವಲ್ಲ, ವ್ರತ. ಬೆಳಕು ಹರಿಯುವಷ್ಟರಲ್ಲಿ ರಸ್ತೆಗಳಲ್ಲಿ ಹುಡುಗ ಹುಡುಗಿಯರ ಸಾಲು ನೋಡಬೇಕು. ಅವರಿಗೆಲ್ಲ ಸಿದ್ರಾಮ ‘ಸರ್’. ಯಾವ ಸೈಕಲ್ಲು ಕೊಳ್ಳಬೇಕು, ಯಾವುದು ಬೇಡ ಎನ್ನುವುದಕ್ಕೆ ಅವನ ಮಾತೇ ಕೊನೆಯ ಮಾತು. ಅವನ ಕಾಲಡಿಯಲ್ಲಿ ನಾನು ಮೊದಲ ಸಲ ನಿಜವಾಗಿ ಓಡಿದೆ. ಅವನನ್ನು ನಾನು ಪ್ರೀತಿಸಿದೆ, ಇದನ್ನೂ ಹೇಳಿಬಿಡುತ್ತೇನೆ.

ನನ್ನನ್ನು ಕೆಡಿಸಿದ್ದು ಒಂದು ಹೋತ. ನಗಬೇಡಿ. ಸಿದ್ರಾಮ ನನ್ನನ್ನು ಬೇವಿನ ಗಿಡಕ್ಕೆ ಒರಗಿಸಿ ನೀರು ಕುಡಿಯಲು ಒಳಗೆ ಹೋಗಿದ್ದ. ಪಕ್ಕದ ಮನೆಯ ಹೋತಕ್ಕೆ ಕೊಂಬು ತುರಿಸಿತು. ನನ್ನ ಸೀಟಿಗೆ ಉಜ್ಜಿತು. ನಾನು ಹೋಗಿ ಕಲ್ಲಿನ ಒರಳಿನ ಅಂಚಿಗೆ ಬಿದ್ದೆ. ಪೆಟ್ಟು ಬಿದ್ದದ್ದು ಹ್ಯಾಂಡಲಿನ ಬುಡದಿಂದ ಪೆಡಲಿನ ಕಡೆಗೆ ಇಳಿಯುವ ದಪ್ಪ ಕೊಳವೆಗೆ, ಮೇಲಿನಿಂದ ನಾಲ್ಕು ಬೆರಳು ಕೆಳಗೆ. ಕೂದಲೆಳೆಯಂಥ ಒಂದು ಗೆರೆ ಮೂಡಿತು, ಅಷ್ಟೆ.

ಸಿದ್ರಾಮ ಓಡಿ ಬಂದು ಎತ್ತಿದ. ಜೇಬಿನಿಂದ ಒಂದು ರೂಪಾಯಿ ತೆಗೆದು ಬಡಿದ. ಟಣ್, ಟಣ್, ಟಣ್. ಗೆರೆಯ ಮೇಲೆ ಬಡಿದ. ಥಪ್. ಮತ್ತೆ ಬಡಿದ. ಥಪ್. ಅವನು ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಆಚೆ ಈಚೆ ನೋಡಿದ. ಹೋತದ ಹೊರತು ಯಾರೂ ಇರಲಿಲ್ಲ.

ಅವನಾಗಲೇ ಬೇರೊಂದು ಸೈಕಲ್ಲಿಗೆ ಮಾತು ಕೊಟ್ಟು ಬಂದಿದ್ದ. ನನ್ನನ್ನು ಮಾರಿದ ಹಣ ಕೈಗೆ ಬಂದರೆ ಅದು ಅವನಿಗೆ. ಆ ವಾರ ಅವನು ಹೆಂಡತಿಯ ಕರಿ ಉಗುರುಬಣ್ಣದ ಬಾಟಲಿ ತಂದು ಗೆರೆಯ ಮೇಲೆ ಎಳೆದ. ಒಣಗಿದ ಮೇಲೆ ಸವದತ್ತಿಯಿಂದ ತಂದಿದ್ದ ಎಲ್ಲಮ್ಮನ ಚಿತ್ರದ ಅಂಟುಪಟ್ಟಿಯನ್ನು ಅದರ ಮೇಲೆ ಹಚ್ಚಿ, ಕಣ್ಣಿಗೊತ್ತಿಕೊಂಡ. ಏನು ಬೇಡಿಕೊಂಡನೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಬಿರುಕು ಬಯಲಾದರೆ ನನಗೆ ಗುಜರಿಯೇ ಗತಿ. ಸಿಕ್ಕಿಬೀಳಬಾರದು ಎಂದು ಅವನಿಗಿಂತ ಹೆಚ್ಚು ನಾನೇ ಬಯಸಿದೆ.

ಕೊಳ್ಳಲು ಬಂದವನು ಪರಸಪ್ಪ. ಕೊಲ್ಹಾರ ರಸ್ತೆಯ ಒಂದು ಹಳ್ಳಿಯವನು. ದಿನಾ ಮುಂಜಾನೆ ಕೊಲ್ಹಾರದ ಮೊಸರಿನ ಗಡಿಗೆಗಳನ್ನು ತನ್ನ ಮೂರು ಗಾಲಿಯ ಟಂಟಂನಲ್ಲಿ ತುಂಬಿಕೊಂಡು ಬಂದು ಮಾರುವುದು ಅವನ ಕೆಲಸ. ಜೊತೆಗೆ ಮಗಳು ನೀಲವ್ವ, ಹದಿನೇಳು ದಾಟಿದವಳು. ಅಪ್ಪನ ಟಂಟಂ ಹಿಂದೆ ಗಾಳಿ ಮರೆಯಲ್ಲಿ ತುಳಿದು ತುಳಿದೇ ಜಿಲ್ಲೆಗೆ ಮೊದಲಿಗಳಾಗಿದ್ದಳು, ಅದೂ ಹಳೇ ಭಾರದ ಸೈಕಲ್ಲಿನಲ್ಲಿ. ಮೂರು ತಿಂಗಳಲ್ಲಿ ರಾಜ್ಯದ ಜೂನಿಯರ್ ತಂಡದ ಆಯ್ಕೆ ಇತ್ತು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಊಟ, ತರಬೇತಿ, ಓದು. ಆ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಇದೆಲ್ಲ ಸಿದ್ರಾಮನಿಗೆ ಗೊತ್ತಿತ್ತು.

“ಸರ್, ನೀವು ಹೂಂ ಅಂದ್ರ ನಾ ಕಣ್ಣ ಮುಚ್ಚಿ ಒಯ್ತೀನ್ರಿ,” ಎಂದ ಪರಸಪ್ಪ.

“ಹಂಗ್ಯಾಕ? ಮೌಲಾಲಿ ಕಾಕಾಗ ತೋರಸ್ರಿ,” ಎಂದ ಸಿದ್ರಾಮ. ಧ್ವನಿ ಸಹಜವಾಗಿಯೇ ಇತ್ತು.

ಮೌಲಾಲಿ ಕಾಕಾ ಗಾಂಧಿ ಚೌಕದ ಹತ್ತಿರ ನಲವತ್ತು ವರ್ಷದಿಂದ ಸೈಕಲ್ ದುರಸ್ತಿ ಮಾಡುವವನು. ಅವನ ಪರೀಕ್ಷೆ ಅಂದರೆ ಪರೀಕ್ಷೆ. ನನ್ನನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿ ಓಲಾಟ ನೋಡಿದ. ಚೈನು ಎಷ್ಟು ಜಗ್ಗಿದೆ ಎಂದು ಅಳತೆಪಟ್ಟಿ ಇಟ್ಟು ಅಳೆದ. ಪೆಡಲಿನ ತೋಳುಗಳನ್ನು ಅಡ್ಡ ಅಲ್ಲಾಡಿಸಿ ಬೇರಿಂಗ್ ಸಡಿಲವೇ ಎಂದು ಕಿವಿಗೊಟ್ಟ. ಮುಂದಿನ ಬ್ರೇಕು ಹಿಡಿದು ಹಿಂದೆ ಮುಂದೆ ನೂಕಿದ. ಸೀಟಿನ ಕಂಬ ಹೊರಗೆ ಎಳೆದು ಒಳಗೆ ಬ್ಯಾಟರಿ ಬಿಟ್ಟು ನೋಡಿದ. ಚೌಕಟ್ಟಿನ ಅಡಿಯ ನಂಬರನ್ನು ಡಾಕ್ಟರ ರಸೀತಿಗೆ ಹೋಲಿಸಿ, ಕದ್ದ ಮಾಲಲ್ಲ ಎಂದು ಖಾತ್ರಿ ಮಾಡಿಕೊಂಡ. ಕೊನೆಗೆ ನಾಣ್ಯ ತೆಗೆದ.

ಟಣ್, ಟಣ್, ಟಣ್. ಹಿಂದಿನ ಕಡ್ಡಿಗಳು, ಮೇಲಿನ ಕೊಳವೆ, ಮುಂದಿನ ಫೋರ್ಕು. ನಾನು ಹಾಡಿದ ಹಾಗೆ ಸದ್ದು ಕೊಟ್ಟೆ. ಕೆಳಗಿನ ಕೊಳವೆಯಲ್ಲಿ ಬಡಿಯುತ್ತ ಬಡಿಯುತ್ತ ಮೇಲೆ ಬಂದು ದೇವಿಯ ಚಿತ್ರದ ಹತ್ತಿರ ಅವನ ಕೈ ನಿಂತಿತು.

ಮೌಲಾಲಿ ಕಾಕಾ ಆಯುಧಪೂಜೆಯ ಮರುದಿನ ಬರುವ ಸೈಕಲ್ಲುಗಳ ಕುಂಕುಮವನ್ನೂ ಒರೆಸುವವನಲ್ಲ. ಇನ್ನೊಬ್ಬರ ದೇವರು, ನನ್ನ ಕೈಯಿಂದ ಅಪಚಾರ ಆಗಬಾರದು ಎನ್ನುವವನು. ದೇವಿಯ ಮುಖದ ಮೇಲೆ ನಾಣ್ಯ ಬಡಿಯುವುದೇ? ಚಿತ್ರ ಬಿಟ್ಟು ಅದರ ಮೇಲ್ಗಡೆ ಒಂದು, ಕೆಳಗಡೆ ಒಂದು ಬಡಿದು, “ಮಾಲು ಛಲೋ ಅದ, ಪರಸಣ್ಣ,” ಎಂದು ನಾಣ್ಯ ಜೇಬಿಗೆ ಹಾಕಿಕೊಂಡ. ಸಿದ್ರಾಮನಿಗೆ ಇದೂ ಗೊತ್ತಿತ್ತು. ಮೂವತ್ತು ವರ್ಷದ ಗೆಳೆತನ. ಗೆಳೆಯನ ಒಳ್ಳೆಯತನವನ್ನೇ ನೆಚ್ಚಿಕೊಂಡು ಮೋಸ ಮಾಡಿದ. ನಾನೂ ಜೊತೆಗಿದ್ದೆ.

ನೀಲವ್ವನ ಮನೆಯಲ್ಲಿ ನನಗೆ ಆದ ಉಪಚಾರ ಯಾವ ಅರಮನೆಯ ಕುದುರೆಗೂ ಆಗಿರಲಿಕ್ಕಿಲ್ಲ. ಪರಸಪ್ಪ ಟಂಟಂ ಚಾಲೂ ಮಾಡುವ ಮೊದಲು ನನ್ನ ಎದುರು ನಿಂತು ಎಲ್ಲಮ್ಮನಿಗೆ ಊದಿನಕಡ್ಡಿ ಬೆಳಗುತ್ತಿದ್ದ. ಹೊಗೆ ನೇರ ಬಿರುಕಿನ ಮೇಲೆ ಬರುತ್ತಿತ್ತು. ಅವನು ಮಗಳ ಜೀವ ಕಾಯೆಂದು ಬೇಡುತ್ತಿದ್ದದ್ದು ಅವಳ ಜೀವಕ್ಕೆ ಎರವಾಗುವ ಜಾಗದ ಎದುರಿಗೇ. ಹುಡುಗಿಯಂತೂ ಏರು ಬಂದಾಗ ಸೀಟಿನಿಂದೆದ್ದು ನಿಂತು ತುಳಿಯುತ್ತ, “ನಡಿ ನನ್ನವ್ವಾ, ನಡಿ,” ಎಂದು ನನ್ನ ಕೂಡ ಮಾತಾಡುತ್ತಿದ್ದಳು.

ನಾನು ಪೂರಾ ಬಾಯಿ ಮುಚ್ಚಿಕೊಂಡಿರಲಿಲ್ಲ. ಎರಡನೆಯ ತಿಂಗಳಲ್ಲಿ ತಡೆಯಲಾರದೆ ‘ಕಿರ್’ ಅಂದೆ. ಅವಳು ತಕ್ಷಣ ಹಿಡಿದಳು. ಮೌಲಾಲಿ ಕಾಕಾನ ಬಳಿ ಒಯ್ದಳು. “ಸೀಟಿನ ಕಂಬ ಒಣಗಿರಬೇಕವ್ವಾ,” ಎಂದು ಅವನು ಕಾರ್ಬನ್ನಿಗೆಂದೇ ಇರುವ ಲೇಪ ಸವರಿದ. ನಾನು ಮತ್ತೆ ಕಿರುಗುಟ್ಟಬಹುದಿತ್ತು. ಆದರೆ ಆ ವಾರ ಅವಳು ಗಡಿಯಾರ ಹಿಡಿದು ಓಡಿಸಿದ ಓಟದಲ್ಲಿ ನಾವು ಹಿಂದಿನದಕ್ಕಿಂತ ಒಂದು ನಿಮಿಷ ಮೊದಲು ತಲುಪಿದ್ದೆವು. ಅವಳು ನನ್ನ ಹ್ಯಾಂಡಲಿಗೆ ಮುತ್ತು ಕೊಟ್ಟಳು. ಡಾಕ್ಟರ ಪಡಸಾಲೆ ನೆನಪಾಯಿತು. ಇನ್ನೊಂದು ತಿಂಗಳು, ಆಯ್ಕೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸಿದ್ರಾಮನೂ ಹೀಗೇ ಅಂದುಕೊಂಡಿದ್ದನೋ ಏನೋ.

ಆಯ್ಕೆಗೆ ಹತ್ತು ದಿನ ಉಳಿದಿತ್ತು. ಕೊಲ್ಹಾರದ ಹತ್ತಿರ ರಸ್ತೆ ಕೃಷ್ಣಾ ನದಿಯ ಸೇತುವೆಯ ಕಡೆಗೆ ಇಳಿಯುತ್ತದೆ. ಅವಳು ಮುಂದೆ, ಖಾಲಿ ಗಡಿಗೆಗಳ ಟಂಟಂ ಹಿಂದೆ. ಇಳಿಜಾರಿನಲ್ಲಿ ಅವಳು ಮೈ ಬಗ್ಗಿಸಿದಳು. ರಸ್ತೆಯಲ್ಲಿ ಒಂದು ಸಣ್ಣ ತಗ್ಗು, ದಿನಾ ದಾಟುವಂಥದ್ದೇ. ದಾಟುವಾಗ ನನ್ನೊಳಗೆ ಏನೋ ಬಿಟ್ಟಿತು. ನಾನು ಎರಡಾದೆ. ಅವಳು ನನ್ನ ತಲೆಯ ಮೇಲಿಂದ ಹಾರಿ ಬಿದ್ದಳು.

ಪರಸಪ್ಪ ಟಂಟಂ ನಿಲ್ಲಿಸಿದನೋ ಬಿಟ್ಟೇ ಓಡಿದನೋ, ಗಡಿಗೆಗಳು ಒಡೆದ ಸದ್ದಷ್ಟೇ ನನಗೆ ಕೇಳಿಸಿತು. ಜೀವ ಉಳಿಯಿತು. ಹೆಗಲ ಮುಂದಿನ ಎಲುಬು ಮುರಿದಿತ್ತು, ಗದ್ದಕ್ಕೆ ಏಳು ಹೊಲಿಗೆ. ಆಯ್ಕೆಯ ದಿನ ಅವಳು ಕೈ ಕಟ್ಟಿಸಿಕೊಂಡು ಮನೆಯಲ್ಲಿ ಗೋಡೆ ನೋಡುತ್ತ ಮಲಗಿದ್ದಳಂತೆ.

ಮುರಿದ ನನ್ನನ್ನು ಪರಸಪ್ಪ ಮೌಲಾಲಿ ಕಾಕಾನ ಅಂಗಡಿಗೆ ತಂದು ಹಾಕಿದ. ಸುದ್ದಿ ತಿಳಿದು ಸಿದ್ರಾಮನೂ ಬಂದ. ಮುಖ ಸುಣ್ಣದ ಗೋಡೆಯಾಗಿತ್ತು. ಪರಸಪ್ಪ ಅವನನ್ನು ಕಂಡವನೇ ಎರಡೂ ಕೈ ಹಿಡಿದುಕೊಂಡ.

“ಸರ್, ನೀವು ದೇವಿನ್ನ ಹಚ್ಚಿ ಕೊಟ್ಟಿದ್ದು ಪುಣ್ಯಾ ಬಂತ್ರಿ. ಒಂದು ಗೇಣು ಆಕಡಿ ಬಿದ್ದಿದ್ರ ತಲಿ ಕಲ್ಲಿಗಿ ಬಡೀತಿತ್ತು. ಆಕಿನೇ ಉಳಿಸ್ಯಾಳ. ನಿಮ್ಮ ಉಪಕಾರ ಮರಿಯಂಗಿಲ್ಲ.”

ಸಿದ್ರಾಮ ಕೈ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಮೌಲಾಲಿ ಕಾಕಾ ಅಷ್ಟು ಹೊತ್ತೂ ಮುರಿದ ಅಂಚನ್ನೇ ನೋಡುತ್ತಿದ್ದ. ಅಂಚು ಎಲ್ಲ ಕಡೆ ಹೊಸದಾಗಿ ಮಿನುಗುತ್ತಿತ್ತು, ಚಿತ್ರದ ಅಡಿಯಲ್ಲಿ ಮಾತ್ರ ಹಳೇ ಧೂಳು ಕೂತು ಮಾಸಿತ್ತು. “ಪರಸಣ್ಣ, ದೇವಿ ಚಿತ್ರಾ ಸ್ವಲ್ಪ ತಗೀರಿ. ನನ್ನ ಕೈಲೆ ಬ್ಯಾಡ,” ಎಂದ. ಪರಸಪ್ಪ ನಮಸ್ಕರಿಸಿ ಮೆಲ್ಲಗೆ ಬಿಡಿಸಿದ. ಉಗುರುಬಣ್ಣದ ಪಟ್ಟೆ ಹೊರಗೆ ಬಂತು. ಮುದುಕ ಜೇಬಿನಿಂದ ನಾಣ್ಯ ತೆಗೆದು ಸಿದ್ರಾಮನ ಅಂಗೈಯಲ್ಲಿಟ್ಟ.

ಸಿದ್ರಾಮ ಬಡಿಯಲಿಲ್ಲ. “ಮೊದಲೇ ಬಿರಿದಿತ್ತು, ಪರಸಣ್ಣ,” ಎಂದ. “ನನಗ ಗೊತ್ತಿತ್ತು. ಮುಚ್ಚಾಕಂತೇ ಹಚ್ಚಿದ್ದೆ.”

ಪರಸಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವನು ಚಿತ್ರವನ್ನು ಮಡಚದೆ ಅಂಗಿಯ ಜೇಬಿಗಿಟ್ಟುಕೊಂಡ. “ನಾ ದಿನಾ ಮುಂಜಾನೆ ಇದಕ್ಕ ಊದಿನಕಡ್ಡಿ ಬೆಳಗೀನ್ರಿ,” ಎಂದಷ್ಟೇ ಹೇಳಿ ಎದ್ದು ಹೋದ. ಸಿದ್ರಾಮ ಮರುದಿನವೇ ನನ್ನನ್ನು ಮಾರಿ ಪಡೆದ ಹಣವನ್ನೆಲ್ಲ ಅವನ ಮನೆಗೆ ಮುಟ್ಟಿಸಿದ. ಹುಡುಗಿಯ ಆ ಒಂದು ವರ್ಷವನ್ನು ಮುಟ್ಟಿಸುವುದು ಯಾರಿಂದಲೂ ಆಗಲಿಲ್ಲ.

ಇದಾಗಿ ಎರಡು ವರ್ಷ. ನಾನು ಈಗ ಮೌಲಾಲಿ ಕಾಕಾನ ಅಂಗಡಿಯ ಗೋಡೆಯಲ್ಲಿ ಎರಡು ತುಂಡಾಗಿ ತೂಗುತ್ತಿದ್ದೇನೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ರೂಪಾಯಿ. ಹಳೇ ಸೈಕಲ್ಲು ಕೊಳ್ಳುವವರು ಮೊದಲು ನನ್ನನ್ನು ಬಡಿದು ಕಿವಿ ಪಳಗಿಸಿಕೊಳ್ಳುತ್ತಾರೆ. ಸಿದ್ರಾಮ ರಜೆಯಿದ್ದಾಗಲೆಲ್ಲ ಬಂದು ನನ್ನ ಕೆಳಗಿನ ಸ್ಟೂಲಿನಲ್ಲಿ ಕೂತಿರುತ್ತಾನೆ. ಅವನ ಕತೆ ಊರಿಗೆಲ್ಲ ಗೊತ್ತು. ಮುದುಕ ಚಹಾ ತರಿಸಿದರೆ ಎರಡು ಕಪ್ಪು ತರಿಸುತ್ತಾನೆ, ಅದೇ ದೊಡ್ಡದು.

ಕಳೆದ ವಾರ ನೀಲವ್ವ ಬಂದಳು. ಗದ್ದದ ಮೇಲಿನ ಗೆರೆ ಬೆಳ್ಳಗಾಗಿದೆ. ಎರಡು ವರ್ಷ ಊರ ಗೆಳತಿಯರ ಸೈಕಲ್ಲುಗಳಲ್ಲೇ ತುಳಿದು, ಈಗ ದೊಡ್ಡವರ ವಿಭಾಗದಲ್ಲಿ ಇಳಿಯಲು ಹೊರಟಿದ್ದಾಳೆ. ಕೈಯಲ್ಲಿ ಯಾರೋ ಬಳಸಿದ ಕೆಂಪು ಕಾರ್ಬನ್ ಸೈಕಲ್ಲು. ಮೌಲಾಲಿ ಕಾಕಾನ ಕಣ್ಣಿಗೆ ಪೊರೆ ಬಂದಿದೆ. ಅವಳು ಅವನನ್ನು ದಾಟಿ ಸಿದ್ರಾಮ ಕೂತಿದ್ದ ಸ್ಟೂಲಿನ ಎದುರು ಬಂದು ನಿಂತಳು. ಬಿದ್ದ ಮೇಲೆ ಅವಳು ಸಿದ್ರಾಮನ ಕೂಡ ಮಾತಾಡಿದ್ದು ಅದೇ ಮೊದಲು.

“ಸರ್, ಇದನ್ನ ನೀವು ನೋಡ್ರಿ.”

“ನಾನಾ, ತಂಗಿ?”

“ಎಲ್ಲಿ ಮುಚ್ಚತಾರಂತ ನಿಮಗೇ ಗೊತ್ತದಲ್ರಿ.”

ಸಿದ್ರಾಮ ತಲೆ ತಗ್ಗಿಸಿ ಎದ್ದ. ದಾರದಿಂದ ನಾಣ್ಯ ಬಿಚ್ಚಿಕೊಂಡ. ಮಧ್ಯಾಹ್ನದ ಊಟ ಬಿಟ್ಟು ಒಂದು ಬೆರಳಿನಗಲ ಜಾಗವನ್ನೂ ಬಿಡದೆ ಬಡಿದ. ಅದರ ಮೇಲೂ ಒಂದು ದೇವರ ಚಿತ್ರವಿತ್ತು, ಹಣಮಪ್ಪನದು. ಅಲ್ಲಿಗೆ ಬಂದಾಗ ನಾಣ್ಯವನ್ನು ಸ್ಟೂಲಿನ ಮೇಲಿಟ್ಟ. ಚಪ್ಪಲಿ ಬಿಟ್ಟ, ಕೈ ಮುಗಿದ, ಉಗುರಿನಿಂದ ಅಂಚು ಎಬ್ಬಿಸಿ ಚಿತ್ರವನ್ನು ಹರಿಯದ ಹಾಗೆ ತೆಗೆದು ಅವಳ ಕೈಗಿಟ್ಟ. ಕೆಳಗೆ ಬಣ್ಣ ನುಣ್ಣಗಿತ್ತು. ಬಡಿದ. ಟಣ್.

“ಛಲೋ ಅದ,” ಎಂದ. ಅವಳೇ ನಾಣ್ಯ ತೆಗೆದುಕೊಂಡು ಅದೇ ಜಾಗವನ್ನು ಇನ್ನೊಮ್ಮೆ ಬಡಿದು ಕೇಳಿಸಿಕೊಂಡಳು. ಅವನ ಮಾತನ್ನಷ್ಟೇ ನಂಬಲಿಲ್ಲ. ಅದು ಸರಿಯೇ.

ಹೊರಡುವ ಮೊದಲು ನನ್ನ ಹತ್ತಿರ ಬಂದಳು. ನನ್ನ ಹ್ಯಾಂಡಲನ್ನು ಹಳೇ ರೂಢಿಯಂತೆ ಒಮ್ಮೆ ಸವರಿ, ನಾಣ್ಯದಿಂದ ಬಿರುಕಿನ ಮೇಲೆ ಬಡಿದಳು. ನಾನು ‘ಥಪ್’ ಅಂದೆ. ಬೇರೆ ಏನೂ ಹೇಳಲು ನನಗೆ ಬರುವುದಿಲ್ಲ. ಅವಳು ನಾಣ್ಯವನ್ನು ದಾರಕ್ಕೆ ಕಟ್ಟಿ, ಕೆಂಪು ಸೈಕಲ್ಲು ಹತ್ತಿ ಕೊಲ್ಹಾರ ರಸ್ತೆಗೆ ತಿರುಗಿದಳು.