ಲಿಯೋನಿಯ ತಂಗಿಯ ಮಕ್ಕಳು

ಕುಳಿತಲ್ಲೇ ನಿದ್ದೆಹೋಗುವುದರಲ್ಲಿ ಲಿಯೋನಿ ಪಿರಾರ್‌ಳನ್ನು ಮೀರಿಸುವವರು ನಮ್ಮ ಆರ್ಡೆನ್ ಸೀಮೆಯಲ್ಲೇ ಇರಲಿಲ್ಲ. ರೈಲಿನಲ್ಲಿ, ಇಗರ್ಜಿಯಲ್ಲಿ, ಆಲೂಗೆಡ್ಡೆ ಸುಲಿಯುತ್ತ ಚಾಕು ಹಿಡಿದಂತೆಯೇ ಅವಳ ತಲೆ ಎದೆಯ ಮೇಲೆ ವಾಲುತ್ತಿತ್ತು. ಜರ್ಮನರು ಬ್ರಸೆಲ್ಸಿನ ಯಹೂದಿಗಳನ್ನು ಮನೆಮನೆಯಿಂದ ಹಿಡಿದೊಯ್ಯುತ್ತಿದ್ದ ಆ ದುರ್ದಿನಗಳಲ್ಲಿ, ಗಂಡಸರ ಹಳೇ ಕೋಟು ತೊಟ್ಟು, ಊದಿದ ಕಾಲುಗಳನ್ನು ಎಳೆದುಕೊಂಡು ಅವಳು ಆ ಪಟ್ಟಣದಿಂದ ಮರಳುವಾಗಲೆಲ್ಲ ಜೊತೆಗೊಂದು ಮಗು ಇರುತ್ತಿತ್ತು. "ತಂಗೀದು," ಎನ್ನುತ್ತಿದ್ದಳು. ಅವಳಿಗೆ ತಂಗಿಯೇ ಇಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಹಾಗೆ ಬಂದವಳು ಆರು ವರ್ಷದ ರಿವ್ಕಾ. ನಮ್ಮಲ್ಲಿ ಅವಳ ಹೆಸರು ಓಡಿಲ್ ಎಂದಾಯಿತು. ಶಿಲುಬೆಯ ಗುರುತನ್ನೂ ಮರಿಯಮ್ಮನ ಪ್ರಾರ್ಥನೆಯನ್ನೂ ಬೇಗ ಕಲಿತಳು, ಆದರೆ ತಾಯಿಯಿಂದ ಕಲಿತದ್ದನ್ನು ಬಿಡಬೇಕಲ್ಲ! ಒಂದು ಶುಕ್ರವಾರದ ಮುಸ್ಸಂಜೆ ನೆರೆಯೂರಿನ ಪೊಲೀಸಿನವ ಲಿಯೋನಿಯ ಅಡುಗೆಮನೆಯಲ್ಲಿ ಬಾರ್ಲಿ ಕಾಫಿ ಹೀರುತ್ತ ಕೂತಿದ್ದ.

"ಏನಮ್ಮ ಲಿಯೋನಿ, ನಿನ್ನ ತಂಗಿಗೆ ಹೆರೋದು ಬಿಟ್ರೆ ಬೇರೆ ಕೆಲ್ಸ ಇಲ್ವಾ?"

"ಹೆರೋದು ಅವಳು, ಒದ್ದಾಡೋದು ನಾನು," ಎನ್ನುತ್ತ ಲಿಯೋನಿ ಮೇಣದಬತ್ತಿ ಹಚ್ಚಿದಳು. ತಾಯಿ ಪ್ರತಿ ಶುಕ್ರವಾರ ಸಂಜೆ ಯಹೂದಿಗಳ ಸಬ್ಬತ್ತಿನ ದೀಪದ ಮುಂದೆ ಮಾಡುತ್ತಿದ್ದಂತೆ, ಮಗು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಿತು.

ಅವನ ಲೋಟ ಅರ್ಧದಲ್ಲೇ ನಿಂತಿತು. "ಇದೇನು ಮಾಡ್ತಿದೆ?"

ಲಿಯೋನಿ ಆ ಕೈಗಳ ಮೇಲೆ ಪಟಾರನೆ ಹೊಡೆದಳು. "ಕಣ್ಣು ಉಜ್ಜಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ, ಕತ್ತೆ! ಕಣ್ಣುಬೇನೆ ಸ್ವಾಮಿ, ಅಂಟುತ್ತೆ, ದೂರ ಕೂತ್ಕೊಳಿ."

ಅವನು ಕಾಫಿ ಬಿಟ್ಟು ಎದ್ದ. ಅವನ ಸೈಕಲ್ಲು ಮರೆಯಾದ ಮೇಲೆ, ಕೆಂಪಾದ ಆ ಪುಟ್ಟ ಕೈಗಳನ್ನು ಕೆನ್ನೆಗೊತ್ತಿಕೊಂಡು ಲಿಯೋನಿ ಬಹಳ ಹೊತ್ತು ಅತ್ತಳು.

ಯುದ್ಧ ಮುಗಿಯಿತು. ತಾಯಿ ಬರಲಿಲ್ಲ, ಬದುಕುಳಿದ ಸೋದರತ್ತೆಯೊಬ್ಬಳು ಬಂದು, ಅಂಗಳದಲ್ಲಿ ಕೋಳಿಗಳಿಗೆ ಕಾಳೆರಚುತ್ತಿದ್ದ ಹುಡುಗಿಯನ್ನು ಕಂಡು "ರಿವ್ಕಾ!" ಎಂದು ಕೂಗಿದಳು.

"ಆ ಹೆಸ್ರಿನೋರು ಇಲ್ಲಿ ಯಾರೂ ಇಲ್ಲ," ಎಂದಳು ಹುಡುಗಿ. ಲಿಯೋನಿಯೇ ದಿನವೂ ಬಾಯಿಪಾಠ ಮಾಡಿಸಿದ ಉತ್ತರ ಅದು, ಒಂದಕ್ಷರವೂ ತಪ್ಪಲಿಲ್ಲ.

ಲಿಯೋನಿ ಅವಳ ಕೈಯಿಂದ ಕಾಳಿನ ಬುಟ್ಟಿ ತೆಗೆದುಕೊಂಡಳು. "ಸರಿಯಾಗೇ ಹೇಳ್ದೆ, ಮಗಳೇ. ಇನ್ಮೇಲೆ ಹಾಗೆ ಹೇಳ್ಬೇಡ. ನೀನೇ ರಿವ್ಕಾ. ಹೋಗು."

ಮಗು ಕದಲಲಿಲ್ಲ. ಅತ್ತೆ ಕೈಚಾಚಿಕೊಂಡೇ ನಿಂತಿದ್ದಳು.

ಜೀವ ಉಳಿಸಿದವರನ್ನು ನಾವು ವೀರರೆಂದು ಕೊಂಡಾಡಿ ಸುಮ್ಮನಾಗುತ್ತೇವೆ. ಇಂಥವರಾದರೋ, ಮಗುವನ್ನು ಉಳಿಸಲೆಂದೇ ಅದರ ಹೆಸರನ್ನೂ ತಾಯಿಯನ್ನೂ ಕೈಯಾರೆ ಮರೆಸಬೇಕಾಗಿ ಬಂದವರು. ಮರೆಸಿದ್ದನ್ನು ಹಿಂದಿರುಗಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಹೊಗಳುವಾಗಲೆಲ್ಲ ಅವರು ಅಷ್ಟೊಂದು ದಣಿದವರಂತೆ ಕಾಣುವುದು ಅದಕ್ಕೇ ಇರಬೇಕು.