ತಾಮ್ರದ ಹಿಡಿಯ ಬಾಕು

ನಮ್ಮೂರು ಪೆದ್ದಹರಿವಾಣಂ ಹೊರಗಿನ ದಿಬ್ಬದಲ್ಲಿ ಹಳೇ ಕಾಲದ ವಸ್ತುಗಳಿಗಾಗಿ ಅಗೆಸುತ್ತಿದ್ದ ಸಾಹೇಬರು ಕೆಲಸಕ್ಕೆ ಕರೆದದ್ದು ನನ್ನ ಗಂಡ ಜಂಬಪ್ಪನನ್ನು. ಕಂಚುಗಾರ, ಲೋಹ ಬಲ್ಲವನು ಎಂದು. ಇವನಿಗೋ ಲೋಹ ಬಡಿಯುವುದು ಗೊತ್ತೇ ಹೊರತು ಸಿಕ್ಕ ಹಳೆ ವಸ್ತು ಕೆಡದಂತೆ ಕಾಯುವುದು ಗೊತ್ತಿಲ್ಲ. ವಾರದೊಳಗೆ ಕಾಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಮೂವತ್ತೆಂಟನೇ ಇಸವಿಯಲ್ಲಿ ಹೆಂಗಸಿಗೆ ಅಂಥ ಕೆಲಸ ಯಾರು ಕೊಡುತ್ತಿದ್ದರು? ನನಗೆ ಸ್ವರ್ಗಕ್ಕೆ ಮೂರೇ ಗೇಣು.

ದಿಬ್ಬದಲ್ಲಿ ಸಿಕ್ಕಿದ್ದರಲ್ಲಿ ದೊಡ್ಡದು ಒಂದು ಬಾಕು. ಅಲಗು ಕಬ್ಬಿಣ, ಹಿಡಿ ತಾಮ್ರ. ಎರಡೂ ಕೂಡಿದ ಕಡೆ ಕಬ್ಬಿಣ ಬೇಗ ಸಾಯುತ್ತದೆ; ಮಣ್ಣಿನ ಉಪ್ಪು ಸೇರಿದರಂತೂ ಕೇಳುವುದೇ ಬೇಡ. ಕಾಸಿ ಆರಿಸಿದ ಮಳೆನೀರಿನಲ್ಲಿ ಅದನ್ನು ಮುಳುಗಿಸಿ ದಿನಾ ನೀರು ಬದಲಿಸುತ್ತಿದ್ದೆ. ಉಪ್ಪು ಇನ್ನೂ ಬಿಡುತ್ತಿದೆಯೇ ಎಂದು ಹಳೆ ನೀರನ್ನು ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದೆ. ಉಪ್ಪು ಬಿಟ್ಟಮೇಲೆ ಒಣಗಿಸಿ ಮೇಣ ಹಚ್ಚಬೇಕು. ಎರಡು ತಿಂಗಳಾದರೂ ಬಿಟ್ಟಿರಲಿಲ್ಲ.

"ಇನ್ನಾ ಎಷ್ಟು ದಿನ ನೆನಿ ಹಾಕ್ತಿ? ಅದೇನು ಹೆಸರುಕಾಳೇನು?" ಎಂದು ಜಂಬಪ್ಪ ನಗುತ್ತಿದ್ದ.

ಮದರಾಸಿನಿಂದ ಹಿರಿಯ ಅಧಿಕಾರಿಗಳು ಬಾಕು ನೋಡಲು ಬರುವ ದಿನ ಬೆಳಿಗ್ಗೆ ನೀರು ನಾಲಿಗೆಗೆ ಮುಟ್ಟಿಸಿದೆ. ಹುಳಿ! ಹುಳಿ ತಾಮ್ರವನ್ನು ಬೆಳಗುತ್ತದೆ, ಸವೆದ ಕಬ್ಬಿಣವನ್ನು ತಿಂದುಹಾಕುತ್ತದೆ. ಕೈ ಹಾಕಿ ಎತ್ತಿದರೆ ಹಿಡಿ ಹೊಸ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಅಲಗು ಬುಡದಲ್ಲೇ ಮುರಿದು ಚೂರುಚೂರಾಗಿ ತಳಕ್ಕಿಳಿಯಿತು.

"ದೊಡ್ಡ ಸಾಹೇಬ್ರು ಬರ್ತಾರ, ಒಂಚೂರು ಫಳಫಳ ಅನ್ಲಿ ಅಂತ ನಿನ್ನಿ ಹುಣಸಿಹಣ್ಣು ಹಾಕಿದ್ದೆ," ಎಂದ ಜಂಬಪ್ಪ. ಮುಖದಲ್ಲಿ ರಕ್ತವೇ ಇರಲಿಲ್ಲ.

ಸಿಟ್ಟು ಬಂತು, ಅಳುವೂ ಬಂತು. ಆದರೆ ಆ ಮುಖ ನೋಡಿ ಕರಗಿಬಿಟ್ಟೆ. ತಪ್ಪು ನನ್ನದೇ ಎಂದುಬಿಡೋಣ, ನನ್ನ ಕೆಲಸ ಹೋದರೂ ಇವನದು ಉಳಿಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ದಿಬ್ಬದ ಸಾಹೇಬರು ಅಧಿಕಾರಿಗಳೊಂದಿಗೆ ಬಂದರು, ಪಾತ್ರೆಯ ತಳದಲ್ಲಿದ್ದ ಚೂರು ನೋಡಿದರು. ಯಾರು ಮಾಡಿದ್ದು ಎಂದರು. ನಾನು ಬಾಯಿ ತೆರೆದಿದ್ದೆ.

"ಈಕಿ ಸಾಹೇಬ್ರ, ಈ ಭೀಮಕ್ಕ," ಎಂದ ಜಂಬಪ್ಪ, ನನ್ನ ಕಡೆ ಬೆರಳು ಮಾಡಿ. "ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ. ಮನಿ ಚೆಂಬು ಅಂತ ತಿಳ್ಕಂಡು ಹುಣಸಿಹಣ್ಣು ಹಾಕ್ಯಾಳ."

ನಾಳೆಯಿಂದ ಈಕೆ ದಿಬ್ಬದ ಕಡೆ ಸುಳಿಯಕೂಡದು ಎಂದರು ಸಾಹೇಬರು.

ಮನೆಯ ದಾರಿಯುದ್ದಕ್ಕೂ ಅವನು ಸಮಾಧಾನ ಹೇಳುತ್ತಲೇ ಬಂದ. "ನನ್ನ ಕೆಲ್ಸ ಉಳೀತಲ್ಲ ಭೀಮಿ. ಇಬ್ರದೂ ಹೋಗಿದ್ರ ಏನ್ ಮಾಡ್ತಿದ್ವಿ?"

ಮಾತು ಸರಿಯೇ. ನಾನೂ ಅದನ್ನೇ ಯೋಚಿಸಿದ್ದೆ. ಕೆಲಸ ಹೋದದ್ದಕ್ಕಿಂತ, ಬೆರಳು ಮಾಡುವಾಗ ಅವನು ಒಂಚೂರೂ ಹಿಂದೆಮುಂದೆ ನೋಡಲಿಲ್ಲ ಎಂಬುದನ್ನು ಮರೆಯಲಾಗಲಿಲ್ಲ.

"ನಾನಾ ಹೇಳಾಕಿದ್ದೆ, ನಂದಾ ತಪ್ಪು ಅಂತ," ಎಂದೆ. "ನೀ ಒಂದು ಗಳಿಗಿ ತಡೀಬೇಕಿತ್ತು."